ಹಿಂದಿನ ಜೋಡಿ ಟೈರ್, ಒಳಗಿನದರ ಗಾಳಿ: ಟೈರ್ ಅಂಗಡಿ ಅಣ್ಣನಿಗೆ ಪ್ರಶ್ನೆಗಳು

ಅಡ್ಮಿನ್: ಇವತ್ತು ರಾತ್ರಿ 8ರಿಂದ ನಮ್ಮ ಟೈರ್ ಅಂಗಡಿ ಅಣ್ಣ ಗುಂಪಿನಲ್ಲಿ ಇರುತ್ತಾರೆ. ಟಾಟಾ 407, ಕ್ಯಾಂಟರ್, ಹಿಂದೆ ನಾಲ್ಕು ಟೈರ್ (ಒಂದೊಂದು ಪಕ್ಕಕ್ಕೆ ಒಳಗೊಂದು, ಹೊರಗೊಂದು) ಇರುವ ಲೋಡ್ ಗಾಡಿಯವರು ಕೇಳಿ.

ಕೋಲಾರ ಟೊಮೆಟೊ ಗಾಡಿ: ಅಣ್ಣ, 407ಗೆ ಎಷ್ಟು ಗಾಳಿ?

ಟೈರ್ ಅಂಗಡಿ: ಗಾಡಿ ಜೊತೆ ಬಂದ ಪುಸ್ತಕದಲ್ಲಿ ನಿಮ್ಮ ಟೈರ್ ಸೈಜಿನ ಎದುರಿಗೆ ಬರೆದಿದೆ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ನೋಡಿ, ಟೈರ್ ತಣ್ಣಗಿರಬೇಕು. ಹಿಂದೆ ಒಳಗಿನದೂ ಹೊರಗಿನದೂ ಒಂದೇ ಇರಲಿ.

ಸಕಲೇಶಪುರ ಶುಂಠಿ ಲೋಡ್: ಅಣ್ಣ, ಒಳಗಿನ ಟೈರ್ ಒಂದು ತಿಂಗಳಿಂದ ನೋಡಿರಲಿಲ್ಲ. ಇವತ್ತು ಗೇಜ್ ಇಟ್ಟರೆ 38 ಪಾಯಿಂಟ್ (ಪಿಎಸ್‌ಐ). ಪಕ್ಕದ ಹೊರಗಿನದು 85. ವಾಲ್ವ್ ಪಿನ್ ಲೀಕ್ ಅಂತ ಬದಲಾಯಿಸಿ 85 ಹೊಡೆಸಿ ಹೊರಟೆ. ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿಯಲ್ಲಿ ಊಟಕ್ಕೆ ನಿಂತಿದ್ದೇನೆ. ಸುಟ್ಟ ರಬ್ಬರ್ ವಾಸನೆ. ಮಂಗಳೂರು ಮುಟ್ಟಬಹುದು ಅಲ್ವಾ?

ಟೈರ್ ಅಂಗಡಿ: ಬೇಡ. ಗಾಡಿ ಅಲ್ಲೇ ಇರಲಿ. ಟೈರಿನ ಪಕ್ಕ ಕೂತು ಇಣುಕಬೇಡಿ.

ಟೈರಿನ ಮೇಲೆ 122/118 ಅಂತ ಇದೆ ಅಂದುಕೊಳ್ಳಿ. 122 ಅಂದರೆ ಒಂಟಿಯಾಗಿ 1500 ಕೆಜಿ. 118 ಅಂದರೆ ಜೋಡಿಯಲ್ಲಿ ಒಂದಕ್ಕೆ 1320. ಎರಡೂ ಸರಿಸಮ ಹೊರುವುದಿಲ್ಲ ಅಂತ ಗೊತ್ತಿದ್ದೇ ಕಮ್ಮಿ ಬರೆದಿರುತ್ತಾರೆ. ಫುಲ್ ಲೋಡಿನಲ್ಲಿ ಒಳಗಿನದು ಕುಸಿದರೆ 2640 ಕೆಜಿ ಹೆಚ್ಚುಕಮ್ಮಿ ಹೊರಗಿನದರ ತಲೆ ಮೇಲೇ. ಅದು 1500ರ ಟೈರ್!

ಕುಸಿದದ್ದೂ ಸುಮ್ನೆ ಇರುವುದಿಲ್ಲ. ಸುತ್ತು ಸುತ್ತಿಗೂ ಅದರ ಪಕ್ಕೆ ಮಡಚುತ್ತದೆ, ಬಿಚ್ಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಒಳಗಿನ ಉಕ್ಕಿನ ಎಳೆಗಳಿಗೆ ಅದೇ ಗತಿ. ಹೊರಗೆ ಏನೂ ಕಾಣಲ್ಲ. ಮತ್ತೆ ಗಾಳಿ ತುಂಬಿದಾಗ ಜಿಪ್ ಎಳೆದ ಹಾಗೆ ಸೀಳುತ್ತದೆ. ಅದರ ಮೇಲೆ ನೀವು ಘಾಟಿ ಇಳಿಸಿದ್ದೀರಿ. ಬ್ರೇಕ್ ಡ್ರಮ್ಮಿನ ಕಾವು ಮೊದಲು ತಟ್ಟುವುದೇ ಒಳಗಿನ ಟೈರಿಗೆ.

ಇರಬೇಕಾದ್ದಕ್ಕಿಂತ 20 ಪರ್ಸೆಂಟ್ ಕಮ್ಮಿ ಗಾಳಿಯಲ್ಲಿ ಓಡಿದ್ದರೆ ಬಿಚ್ಚಿ ನೋಡದೆ ನಾನು ಗಾಳಿ ಹೊಡೆಯಲ್ಲ. ನಿಮ್ಮದು ಅರ್ಧಕ್ಕಿಂತ ಕಮ್ಮಿ. ಕಾವು ಆರಲಿ, ಅಲ್ಲಿನ ಟೈರ್ ಅಂಗಡಿಯವರನ್ನು ಕರೆಸಿ. ಜೋಡಿಯ ಎರಡೂ ಟೈರಿನ ಗಾಳಿ ಪೂರ್ತಿ ಬಿಟ್ಟ ಮೇಲೇ ನಟ್ ಮುಟ್ಟಬೇಕು. ಮುಂದೆ ಯಾವ ಟೈರಿಗೇ ಆಗಲಿ ಗಾಳಿ ಹೊಡೆಯುವಾಗ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಚಟ ಅಂದರೆ ಪೈಪ್ ಬಿಟ್ಟು ದೂರ ಓಡಿ.

ದಾವಣಗೆರೆ ಮೆಕ್ಕೆಜೋಳ: ಫಾರ್ವರ್ಡ್ ಬಂದಿದೆ ನೋಡಿ: "ಬೇಸಿಗೆಯಲ್ಲಿ 10 ಪಾಯಿಂಟ್ ಕಮ್ಮಿ ಇಡಿ, ಟೈರ್ ಸಿಡಿಯಲ್ಲ. ಎಲ್ಲರಿಗೂ ಕಳಿಸಿ."

ಟೈರ್ ಅಂಗಡಿ: ಯಾರಿಗೂ ಕಳಿಸಬೇಡಿ, ಅಳಿಸಿ. ಕಾವು ಏರಿಸುವುದೇ ಕಮ್ಮಿ ಗಾಳಿ. ಓಡಿದ ಮೇಲೆ 10-15 ಏರುವುದು ಸಹಜ. ಬಿಸಿಯಲ್ಲಿ ಅದನ್ನು ಇಳಿಸಿದರೆ ಬೆಳಿಗ್ಗೆ ಅಷ್ಟೇ ಕಮ್ಮಿ ಇರುತ್ತದೆ.

ಶಿರಸಿ ಅಡಿಕೆ: ಟ್ಯೂಬ್ ಟೈರಿನ ಡಿಸ್ಕಿಗೆ (ಚಕ್ರದ ರಿಮ್ಮಿಗೆ) ಟ್ಯೂಬ್‌ಲೆಸ್ ಕೂರುತ್ತಾ ಅಣ್ಣ?

ಮಂಡ್ಯ ಬೆಲ್ಲ: ನೈಟ್ರೋಜನ್ ಹಾಕಿದರೆ ಚೆಕ್ ಮಾಡೋದೇ ಬೇಡವಂತೆ?

ಟೈರ್ ಅಂಗಡಿ: ನಾವು ಉಸಿರಾಡುವ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್. ಅದೂ ಇಳಿಯುತ್ತೆ. ನೋಡಬೇಕು.

ಹಳೇ ಡ್ರೈವರ್ ಚಿತ್ರದುರ್ಗ: 20 ವರ್ಷದಿಂದ ರಾಡಿನಲ್ಲಿ ಬಡಿದು ಸದ್ದು ಕೇಳಿ ಹೇಳ್ತೀನಿ. ಗೇಜ್ ಎಲ್ಲ ಹುಡುಗರಿಗೆ.

ಟೈರ್ ಅಂಗಡಿ: ಪೂರ್ತಿ ಕೂತ ಟೈರ್ ಸದ್ದಲ್ಲಿ ಗೊತ್ತಾಗುತ್ತೆ. 85ಕ್ಕೂ 65ಕ್ಕೂ ವ್ಯತ್ಯಾಸ ನಿಮಗಲ್ಲ, ನನಗೂ ಗೊತ್ತಾಗಲ್ಲ.

ಮೂರು ಗಾಡಿ ಮಾಲೀಕ: ಡ್ರೈವರ್‌ಗಳ ಸೋಮಾರಿತನ ಇದು. ಒಳಗಿನ ಟೈರಿಗೆ ಕೈಯೇ ಹಾಕಲ್ಲ.

ಹಳೇ ಡ್ರೈವರ್ ಚಿತ್ರದುರ್ಗ: ಕೈ ಹೋಗಬೇಕಲ್ಲ ಸಾರ್! ಡಿಸ್ಕಿನ ತೂತಲ್ಲಿ ವಾಲ್ವ್ ಸಿಗಲ್ಲ. ಉದ್ದದ ವಾಲ್ವ್ ಪೈಪ್ ಕೇಳಿದರೆ ಮುಂದಿನ ಟ್ರಿಪ್ ಅಂತೀರಿ. ಗಾಳಿ ದುಡ್ಡೂ ನಮ್ಮ ಬಾಟಾದಲ್ಲೇ (ಟ್ರಿಪ್ ಭತ್ಯೆಯಲ್ಲೇ).

ಮೂರು ಗಾಡಿ ಮಾಲೀಕ: ಡೀಸೆಲ್ ಟ್ಯಾಂಕಿಗೆ ಮಾತ್ರ ಕೈ ಚೆನ್ನಾಗಿ ಹೋಗುತ್ತೆ.

ಹಳೇ ಡ್ರೈವರ್ ಚಿತ್ರದುರ್ಗ: ನಾಲಿಗೆ ಬಿಗಿ ಹಿಡಿದು ಮಾತಾಡಿ. ಒಂದು ಟ್ರಿಪ್ ನೀವೇ ಓಡಿಸಿ ನೋಡೋಣ.

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಇನ್ನೊಂದು ಮೆಸೇಜ್ ಬಂದರೆ ತೆಗೆದು ಹಾಕ್ತೀನಿ.

ಹಾವೇರಿ ಮೆಣಸಿನಕಾಯಿ: ಸಾರ್, 407ಗೆ ಎಷ್ಟು ಏರ್ ಇಡಬೇಕು?

ಟೈರ್ ಅಂಗಡಿ: ಮೇಲೆ ಓದಿ.

ಶಿರಸಿ ಅಡಿಕೆ: ಅಣ್ಣ, ನನ್ನ ಪ್ರಶ್ನೆ?

ಸಕಲೇಶಪುರ ಶುಂಠಿ ಲೋಡ್: ಅಣ್ಣ, ಬಿಚ್ಚಿಸಿದೆ. ಟೈರ್ ಒಳಗೆ ಒಂದು ಬೊಗಸೆ ಕಪ್ಪು ಪುಡಿ. ಪಕ್ಕೆಯ ಒಳಮೈ ಉದ್ದಕ್ಕೂ ಸುಕ್ಕುಗಟ್ಟಿದೆ, ಟ್ಯೂಬ್ ನೀರುಳ್ಳಿ ಸಿಪ್ಪೆ ಹಾಗೆ ಆಗಿದೆ.

ಟೈರ್ ಅಂಗಡಿ: ಆ ಪುಡಿ ಟೈರ್ ತನ್ನನ್ನೇ ಅರೆದುಕೊಂಡದ್ದು. ಹೊರಗಿನದನ್ನೂ ಬಿಚ್ಚಿ ನೋಡಿಸಿ, ಜಾಸ್ತಿ ಹೊತ್ತದ್ದು ಅದೇ. ಬೇರೆ ಟೈರ್ ಹಾಕುವಾಗ ಜೋಡಿಯ ಎರಡರ ಎತ್ತರ ಅಳೆಯಿರಿ, 6 ಮಿಲಿಮೀಟರಿಗಿಂತ ಜಾಸ್ತಿ ಹೆಚ್ಚುಕಮ್ಮಿ ಇರಬಾರದು. ಈ ಟೈರಿನ ಪಕ್ಕೆ ನಿಮ್ಮ ಎದುರಿಗೇ ಕುಯ್ಯಿಸಿ ಬಿಡಿ. ಇಲ್ಲಾಂದ್ರೆ ಅದು ಮುಂದಿನ ವಾರ ಇನ್ಯಾರದ್ದೋ ಗಾಡಿಯಲ್ಲಿ ಇರುತ್ತೆ.