ತಜ್ಞರನ್ನು ಕೇಳಿ: ನಿರಾಶ್ರಿತ ಶಿಬಿರದ ಶಾಲೆಗಳಿಗೆ ನೆರವು ಬಂದರೂ ಪಾಠ ನಿಲ್ಲುವುದೇಕೆ?

ಪ್ರಶ್ನೆ (ನಿವೃತ್ತ ಪ್ರೌಢಶಾಲಾ ಶಿಕ್ಷಕ, ಧಾರವಾಡ): ನಮಸ್ಕಾರ ಮೇಡಂ. ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರಗಳಲ್ಲಿ 2025ರ ಜೂನ್‌ನಲ್ಲಿ ಹಣವಿಲ್ಲದೆ ಕಲಿಕಾ ಕೇಂದ್ರಗಳು ಸ್ಥಗಿತಗೊಂಡ ಸುದ್ದಿ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅಷ್ಟೊಂದು ದೇಶಗಳು ನೆರವು ಕೊಡುತ್ತಿದ್ದವಲ್ಲ, ಆ ಹಣ ಏನಾಯಿತು? ನೀವು ಈ ಕ್ಷೇತ್ರದಲ್ಲೇ ಇರುವವರು, ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಗುರುಗಳೇ. ಹಣ ಬಂದಿತ್ತು, ಕೆಲಸವೂ ಆಗಿತ್ತು. ತೊಂದರೆ ಇರುವುದು ಹಣ ಬರುವ ರೀತಿಯಲ್ಲಿ.

2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್ ಬಿಟ್ಟು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದರು. ಅಲ್ಲಿ ಕಲಿಕಾ ಕೇಂದ್ರವೆಂದರೆ ಹೆಚ್ಚಾಗಿ ಬಿದಿರು, ತಾಡಪಾಲಿನ ಒಂದು ಕೋಣೆ. ಪಾಳಿಯ ಮೇಲೆ ಪಾಠ. ಒಬ್ಬರು ಸ್ಥಳೀಯ ಬಾಂಗ್ಲಾದೇಶಿ ಶಿಕ್ಷಕರು, ಇನ್ನೊಬ್ಬರು ರೋಹಿಂಗ್ಯಾ ಸಮುದಾಯದಿಂದಲೇ ಆಯ್ಕೆಯಾದವರು. ಕೋಣೆಯ ಖರ್ಚು ಒಮ್ಮೆ ಮುಗಿಯುತ್ತದೆ. ಶಿಕ್ಷಕರ ಸಂಬಳ, ಗೌರವಧನ ತಿಂಗಳು ತಿಂಗಳೂ ಬೇಕು. ಮಗುವಿಗೆ ಕನಿಷ್ಠ ಹತ್ತು ವರ್ಷ ಶಾಲೆ ಬೇಕಾದರೆ, ದಾನಿ ದೇಶಗಳ ತುರ್ತು ನೆರವು ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ ಬರುತ್ತದೆ.

2023ರ ಜುಲೈನಲ್ಲಿ ಸುಮಾರು ಮೂರು ಲಕ್ಷ ಮಕ್ಕಳು ಆ ಶಿಬಿರಗಳಲ್ಲಿ ಹೊಸ ಶೈಕ್ಷಣಿಕ ವರ್ಷಕ್ಕೆ ಸೇರಿದ್ದರು. ದೊಡ್ಡ ಹೆಣ್ಣುಮಕ್ಕಳಿಗಾಗಿ ಪ್ರತ್ಯೇಕ ತರಗತಿ ನಡೆಸುವುದು, ಅವರನ್ನು ಮನೆಯಿಂದ ಕರೆತಂದು ಬಿಡಲು ಮಹಿಳೆಯರನ್ನು ನೇಮಿಸುವುದು, ಹೀಗೆ ತಾಯಂದಿರ ವಿಶ್ವಾಸವನ್ನು ಮನೆಮನೆಗೆ ಹೋಗಿ ಗಳಿಸಿದ ಕೆಲಸ ಅದು. ಎರಡೇ ವರ್ಷಗಳಲ್ಲಿ ಅಮೆರಿಕ ಮತ್ತಿತರ ದೇಶಗಳು ವಿದೇಶಿ ನೆರವು ಕಡಿತಗೊಳಿಸಿದವು. ಯುನಿಸೆಫ್ ಬೆಂಬಲದ ಕೇಂದ್ರಗಳಲ್ಲಿ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರ ಗುತ್ತಿಗೆ ಕೊನೆಗೊಂಡಿತು, ಚಿಕ್ಕ ತರಗತಿಗಳಲ್ಲಿ ಇಂಗ್ಲಿಷ್ ಪಾಠ ಕೈಬಿಟ್ಟುಹೋಯಿತು. ಶಾಲೆ ಬಿಟ್ಟ ಹದಿಮೂರರ ಹುಡುಗಿ ಹಣ ಬಂದ ಮೇಲೆ ಮರಳುತ್ತಾಳೆಂಬ ಖಾತ್ರಿಯಿಲ್ಲ. ಅಷ್ಟರಲ್ಲಿ ಅವಳ ಮದುವೆಯಾಗಿರಬಹುದು. ನನಗೆ ಅತಿ ಹೆಚ್ಚು ಸಂಕಟವಾಗುವುದು ಇದಕ್ಕೇ.

ಅದೇ ಶಿಕ್ಷಕರು: ಹಾಗಾದರೆ ಹಲವು ವರ್ಷಗಳಿಗೆ ಒಟ್ಟಿಗೆ ಹಣ ಕೊಡುವ ಏರ್ಪಾಡು ಇಲ್ಲವೇ?

ಉತ್ತರ: ಇದೆ. 2016ರಲ್ಲಿ ಇಸ್ತಾಂಬುಲ್‌ನ ವಿಶ್ವ ಮಾನವೀಯ ಶೃಂಗಸಭೆಯಲ್ಲಿ 'ಎಜುಕೇಶನ್ ಕೆನಾಟ್ ವೇಟ್' ಎಂಬ ನಿಧಿ ಹುಟ್ಟಿದ್ದು ಇದೇ ಕಾರಣಕ್ಕೆ. ತುರ್ತು ನೆರವಿನ ಜೊತೆಗೆ ಬಹುವರ್ಷದ ಯೋಜನೆಗಳಿಗೂ ಅದು ಹಣ ಕೊಡುತ್ತದೆ. ಆದರೆ ಅದೇ ನಿಧಿಯ 2025ರ ಅಂದಾಜಿನಂತೆ ಬಿಕ್ಕಟ್ಟಿನಲ್ಲಿರುವ ಶಾಲಾ ವಯಸ್ಸಿನ ಮಕ್ಕಳು 23.4 ಕೋಟಿ, ಅವರಲ್ಲಿ ಶಾಲೆಯ ಹೊರಗಿರುವವರೇ 8.5 ಕೋಟಿ. ನಿಧಿಗೂ ದಾನಿ ಸರ್ಕಾರಗಳೇ ಆಧಾರ.

ಪ್ರಶ್ನೆ (ಗೃಹಿಣಿ, ಮೈಸೂರು): ಮೇಡಂ, ಓಡಿಸಿದ ದೇಶದ ಪಠ್ಯವನ್ನೇ, ಅದೂ ಬರ್ಮೀ ಭಾಷೆಯಲ್ಲಿ, ಆ ಮಕ್ಕಳಿಗೆ ಕಲಿಸುತ್ತಾರಂತೆ. ಇದು ಸರಿಯೇ?

ಉತ್ತರ: ನಿಮ್ಮ ಪ್ರಶ್ನೆ ಬಹಳ ಮುಖ್ಯವಾದದ್ದು. ಬಾಂಗ್ಲಾದೇಶ ಸರ್ಕಾರ ತನ್ನ ಪಠ್ಯಕ್ರಮವನ್ನು ಶಿಬಿರಗಳಲ್ಲಿ ಕಲಿಸಲು ಒಪ್ಪಲಿಲ್ಲ. ಮೊದಲ ವರ್ಷಗಳಲ್ಲಿ ನಡೆದದ್ದು ಅನೌಪಚಾರಿಕ ಕಲಿಕೆ ಮಾತ್ರ. ಒಂದಲ್ಲ ಒಂದು ದಿನ ಊರಿಗೆ ಮರಳುತ್ತೇವೆಂಬ ನಂಬಿಕೆಯಿಂದ ಅನೇಕ ರೋಹಿಂಗ್ಯಾ ಪೋಷಕರೇ ಮ್ಯಾನ್ಮಾರ್ ಪಠ್ಯಕ್ಕಾಗಿ ಒತ್ತಾಯಿಸಿದರು. 2020ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು, ಕೋವಿಡ್‌ನಿಂದ ತಡವಾಗಿ 2021ರ ಕೊನೆಗೆ ಪ್ರಾಯೋಗಿಕವಾಗಿ ಆರಂಭವಾಯಿತು. ಮನೆಮಾತು ರೋಹಿಂಗ್ಯಾ ಆಗಿರುವ ಮಗುವಿಗೆ ಬರ್ಮೀ ಕಷ್ಟವೇ. ಆದರೂ ಪೋಷಕರ ಆಯ್ಕೆಯನ್ನು ನಾನು ಗೌರವಿಸುತ್ತೇನೆ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಹತ್ತನೇ ತರಗತಿ ಮುಗಿಸಿದರೂ ಬಾಂಗ್ಲಾದೇಶವಾಗಲಿ ಮ್ಯಾನ್ಮಾರ್ ಆಗಲಿ ಮಾನ್ಯ ಮಾಡುವ ಪ್ರಮಾಣಪತ್ರ ಅವರಿಗೆ ಸಿಗುವುದಿಲ್ಲ. ನಮ್ಮ ಬೈಲಕುಪ್ಪೆ, ಮುಂಡಗೋಡಗಳನ್ನೇ ನೋಡಿ. ಟಿಬೆಟನ್ ನಿರಾಶ್ರಿತರ ಮಕ್ಕಳಿಗಾಗಿ ಭಾರತ ಸರ್ಕಾರ 1961ರಲ್ಲೇ ಪ್ರತ್ಯೇಕ ಶಾಲಾ ಆಡಳಿತ ಮಂಡಳಿ ಸ್ಥಾಪಿಸಿತು. ಆ ಮಕ್ಕಳು ತಮ್ಮ ಭಾಷೆಯನ್ನೂ ಕಲಿತರು, ಸಿಬಿಎಸ್‌ಇ ಪರೀಕ್ಷೆಯನ್ನೂ ಬರೆದರು. ಆ ಅಂಕಪಟ್ಟಿ ಹಿಡಿದು ಕಾಲೇಜಿಗೆ ಸೇರಲು ಸಾಧ್ಯವಾಯಿತು. ವಿದೇಶಿ ನೆರವು ಎಷ್ಟೇ ಬಂದರೂ ಆಶ್ರಯ ಕೊಟ್ಟ ದೇಶದ ಇಂಥ ನಿರ್ಧಾರಕ್ಕೆ ಅದು ಬದಲಿಯಾಗಲಾರದು.

ಪ್ರಶ್ನೆ (ಬಿ.ಎಡ್. ವಿದ್ಯಾರ್ಥಿನಿ, ಕಲಬುರಗಿ): ಅಕ್ಕ, ನಾನು ಅಂಥ ಶಿಬಿರಕ್ಕೆ ಹೋಗಿ ಒಂದೆರಡು ತಿಂಗಳು ಪಾಠ ಮಾಡಬಹುದೇ? ಇಲ್ಲವೇ ಹಳೆಯ ಪುಸ್ತಕಗಳನ್ನು ಸಂಗ್ರಹಿಸಿ ಕಳುಹಿಸಲೇ?

ಉತ್ತರ: ತಂಗಿ, ಎರಡೂ ಬೇಡ. ಪುಸ್ತಕಗಳ ಸಾಗಣೆ, ಸುಂಕದ ಖರ್ಚು ಅವುಗಳ ಬೆಲೆಯನ್ನು ಮೀರುತ್ತದೆ, ಭಾಷೆಯೂ ಹೊಂದುವುದಿಲ್ಲ. ಎರಡು ತಿಂಗಳಿಗೆ ಬಂದು ಹೋಗುವ ಶಿಕ್ಷಕಿಗಿಂತ ಶಿಬಿರದಲ್ಲೇ ಇರುವ ಶಿಕ್ಷಕಿಗೆ ನಿಯಮಿತ ಗೌರವಧನ ಸಿಗುವುದು ಆ ಮಕ್ಕಳಿಗೆ ಹೆಚ್ಚು ಉಪಯುಕ್ತ. ಸಂಸ್ಥೆಗೆ ಹಣ ಕೊಡುವುದಾದರೆ ಚಿಕ್ಕ ಮೊತ್ತವನ್ನಾದರೂ ಪ್ರತಿ ತಿಂಗಳೂ ಕೊಡು, ಇಂಥದ್ದಕ್ಕೇ ಬಳಸಿ ಎಂಬ ಷರತ್ತು ಹಾಕಬೇಡ.

ಈ ಕ್ಷೇತ್ರಕ್ಕೇ ಬರುವ ಆಸೆಯಿದ್ದರೆ ಮೊದಲು ಇಲ್ಲಿಯೇ ಕೆಲವು ವರ್ಷ ಪಾಠ ಮಾಡು. ವಲಸೆ ಕಾರ್ಮಿಕರ ಮಕ್ಕಳಿರುವ ಶಾಲೆ ಸಿಕ್ಕರೆ ಇನ್ನೂ ಒಳ್ಳೆಯದು: ಮನೆಮಾತು ಬೇರೆಯಾದ, ನಡುವೆ ಶಾಲೆ ತಪ್ಪಿದ ಮಕ್ಕಳಿಗೆ ಓದು ಕಲಿಸುವ ಕೌಶಲವೇ ಶಿಬಿರಗಳಲ್ಲೂ ಬೇಕಾಗುವುದು. ಜೊತೆಗೆ ಬಿಕ್ಕಟ್ಟಿನ ಕಾಲದ ಶಿಕ್ಷಣಕ್ಕಾಗಿ ಇರುವ ಐಎನ್‌ಇಇ ಎಂಬ ಅಂತರರಾಷ್ಟ್ರೀಯ ಜಾಲ 2004ರಲ್ಲಿ ಮೊದಲು ಪ್ರಕಟಿಸಿದ 'ಕನಿಷ್ಠ ಮಾನದಂಡಗಳು' ಕೈಪಿಡಿಯ ಹೊಸ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಶಿಕ್ಷಕರ ಕುರಿತ ಭಾಗವನ್ನು ಮೊದಲು ಓದು. ಅರ್ಥವಾಗದ್ದನ್ನು ಇಲ್ಲಿಯೇ ಕೇಳು, ಉತ್ತರಿಸುತ್ತೇನೆ.