ಎಚ್‌ಟಿಒ ಮಾಡುವಾಗ ಕಾಲಿನ ಗೆರೆ ಹೇಗೆ ಅಳೆಯುತ್ತೀರಿ?

ಪ್ರಶ್ನೆ: ಒಳಬದಿ ಸವೆದ ಮಂಡಿಗೆ ಎಚ್‌ಟಿಒ (ಟಿಬಿಯಾ, ಅಂದರೆ ಮಂಡಿ ಕೆಳಗಿನ ದೊಡ್ಡ ಮೂಳೆ ಕತ್ತರಿಸಿ ಸೊಟ್ಟ ಕಾಲು ಸರಿಮಾಡುವ ಆಪರೇಷನ್) ಮಾಡುವಾಗ, ಸೊಂಟದಿಂದ ಪಾದಕ್ಕೆ ಭಾರ ಹಾಯುವ ಗೆರೆ ನೋಡಲು ಕಾಟರಿ ವೈರ್ (ರಕ್ತ ನಿಲ್ಲಿಸಲು ಸುಡುವ ಸಾಧನದ ತಂತಿ) ಹಿಡಿದು ಸಿ-ಆರ್ಮ್‌ನಲ್ಲಿ (ಆಪರೇಷನ್ ನಡುವೆಯೇ ಎಕ್ಸ್-ರೇ ತೋರಿಸುವ ಯಂತ್ರ) ನೋಡುತ್ತೇನೆ. ಟೇಬಲ್ ಮೇಲೆ ಸರಿ ಇರುತ್ತದೆ. ಆಮೇಲೆ ನಿಲ್ಲಿಸಿ ಎಕ್ಸ್-ರೇ ತೆಗೆದರೆ ಗೆರೆ ಇನ್ನೆಲ್ಲೋ! ನಿಮ್ಮ ಅನುಭವ ಹೇಳಿ.

ಸರ್, ವೈರನ್ನು ಬೈಯುವ ಮೊದಲು ಮಂಡಿಚಿಪ್ಪು ಎತ್ತ ನೋಡುತ್ತಿದೆ ಅಂತ ನೋಡಿ. ಅದು ನೇರ ಮೇಲಕ್ಕಿರಬೇಕು, ಮಂಡಿ ಪೂರ್ತಿ ಚಾಚಿರಬೇಕು. ಸ್ವಲ್ಪ ಮಡಚಿಕೊಂಡು ಜೊತೆಗೆ ಕಾಲೂ ತಿರುಗಿತೋ, ಗೆರೆ ಜಾರಿತು ಅಂತಲೇ ಲೆಕ್ಕ. ವೈರ್ ಸೊಂಟದ ಕೀಲಿನ ಗುಂಡಿನ ನಡುವಿನಿಂದ ಪಾದದ ಕೀಲಿನ ನಡುವಿಗೆ, ಬಿಗಿಯಾಗಿ. ಮಂಡಿಯಲ್ಲಿ ಒಳ ಅಂಚಿನಿಂದ ಟಿಬಿಯಾ ಅಗಲದ 62% ಹತ್ತಿರ ಹಾಯಬೇಕು ಅನ್ನುವುದು ಜಪಾನಿನ ಡಾಕ್ಟರ್ ಫುಜಿಸಾವಾ 1979ರಲ್ಲಿ ಬರೆದಾಗಿನಿಂದ ಬಂದ ಲೆಕ್ಕ. ಎಲ್ಲರಿಗೂ ಅದೇ ಬೇಕು ಅಂತ ಹಟ ಬೇಡ, ಸವೆತ ಕಡಿಮೆ ಇದ್ದವರಿಗೆ ನಾನು ಅಷ್ಟು ದೂರ ಹೋಗುವುದಿಲ್ಲ.

ನಾನು ಸಿ-ಆರ್ಮ್ ನಡೆಸುವವನು, ಡಾಕ್ಟರಲ್ಲ. ಮಂಡಿ ಚಿತ್ರದ ಮಧ್ಯಕ್ಕೇ ಬರಲಿ ಸರ್. ವೈರ್ ಚರ್ಮದ ಮೇಲಿದೆ, ಮೂಳೆ ಕೆಳಗಿದೆ. ಟ್ಯೂಬ್ ಸ್ವಲ್ಪ ವಾಲಿದರೂ, ಮಂಡಿ ಚಿತ್ರದ ಅಂಚಿಗೆ ಹೋದರೂ ವೈರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಡ್ರೇಪ್ ಹಾಕುವ ಮೊದಲೇ ಸೊಂಟದ ನಡು ಹುಡುಕಿ ಅಲ್ಲಿ ಇಸಿಜಿ ಎಲೆಕ್ಟ್ರೋಡ್ ಅಂಟಿಸಿಬಿಡುತ್ತೇವೆ, ಆಮೇಲೆ ಬಟ್ಟೆಯ ಮೇಲಿಂದಲೇ ಕೈಗೆ ಸಿಗುತ್ತದೆ. ರೋಗಿ ಅಲುಗಿದರೆ ಮಾತ್ರ ಮತ್ತೆ ಚೆಕ್ ಮಾಡಲೇಬೇಕು.

ಇಬ್ಬರೂ ಹೇಳಿದ್ದು ಸರಿ, ಆದ್ರೆ ಅಸಲು ತೊಂದರೆ ಭಾರದ್ದು ಅನ್ನಿಸುತ್ತದೆ. ಸೊಟ್ಟ ಕಾಲಿನವರು ನಿಂತಾಗ ಮಂಡಿಯ ಹೊರಬದಿ ಬಾಯಿ ಬಿಡುತ್ತದೆ ಅಲ್ವಾ, ಮಲಗಿದಾಗ ಅದು ಮುಚ್ಚಿಕೊಳ್ಳುತ್ತದೆ. ನಿಂತ ಎಕ್ಸ್-ರೇಯ ಸೊಟ್ಟನ್ನೆಲ್ಲ ಮೂಳೆಯದ್ದೇ ಅಂದುಕೊಂಡು ಪ್ಲಾನ್ ಮಾಡಿದರೆ, ಕಾಲು ನೇರವಾದ ಮೇಲೆ ಆ ಸಡಿಲವೂ ಮುಚ್ಚಿ ಗೆರೆ ಜಾಸ್ತಿ ಹೊರಕ್ಕೆ ಹೋಗಿಬಿಡುತ್ತದೆ. ಆ ಸಡಿಲದ ಪಾಲನ್ನು ಲೆಕ್ಕದಿಂದ ಮೊದಲೇ ಕಳೆಯಿರಿ. ಟೇಬಲ್ ಮೇಲೆ ಅಳೆಯುವಾಗ ಅಸಿಸ್ಟೆಂಟ್ ಅಂಗೈಯನ್ನು ಪಾದದಡಿ ಚಪ್ಪಟೆಯಾಗಿಟ್ಟು ಸೊಂಟದ ಕಡೆಗೆ ಒತ್ತಲಿ. ಪಾದದ ಒಂದು ಅಂಚಿಂದ ಒತ್ತಿದರೆ ಮಂಡಿಯೇ ವಾಲುತ್ತದೆ, ಸುಮ್ನೆ ಮೋಸ ಹೋಗುತ್ತೀರಿ. ಕಂಪ್ಯೂಟರ್‌ನಿಂದ ಗೆರೆ ಅಳೆಯುವ ನ್ಯಾವಿಗೇಶನ್‌ನಲ್ಲೂ ಅಷ್ಟೇ, ಅಂಕಿ ಚೆನ್ನಾಗಿ ತೋರಿಸುತ್ತದೆ, ಆದ್ರೆ ಮಲಗಿದ ಕಾಲಿನದ್ದು. ಮೂಳೆಗೆ ಹಾಕಿದ ಅದರ ಪಿನ್ ಸಡಿಲಾದರಂತೂ ಆ ಅಂಕಿಯೂ ಸುಳ್ಳೇ.

ಒಂದು ಮಾತು ಕೇಳಬೇಕಿತ್ತು: ಆ ನಿಂತ ಎಕ್ಸ್-ರೇ ಯಾವಾಗ ತೆಗೆದದ್ದು? ನೋವಿರುವಾಗ ಜನ ಆ ಕಾಲಿನ ಮೇಲೆ ಭಾರ ಬಿಡುವುದೇ ಇಲ್ಲ. ಪೂರ್ತಿ ಭಾರ ಹಾಕಿ ನಡೆಯಲು ಶುರುಮಾಡಿದ ಮೇಲೆ ಇನ್ನೊಮ್ಮೆ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಹೇಳಿ.