ಕ್ಲೆಮಾಟಿಸ್ ಹೂವಿನ ‘ಡಬಲ್’ಗೆ ಕನ್ನಡದಲ್ಲಿ ಏನನ್ನೋಣ: ದ್ವಿದಳವೋ, ಸುತ್ತೋ, ತುಂಬೋ?

ಎಲ್ಲರಿಗೂ ನಮಸ್ಕಾರ.

ಅಕ್ಕ ತನ್ನ ಕೈತೋಟಕ್ಕೆ ಕ್ಲೆಮಾಟಿಸ್ ಬಳ್ಳಿ ಹುಡುಕುತ್ತಿದ್ದಾಳೆ. ಎಲ್ಲ ಕಡೆ ಕಾಣುವ ದೊಡ್ಡ ನೇರಳೆ ಹೂವು ಬೇಡವಂತೆ. ನೋಡಿದವರು ‘ಇದೇನಪ್ಪಾ ಹೂವು’ ಅಂತ ನಿಂತು ನೋಡಬೇಕಂತೆ. ಅಂಥ ತಳಿಗಳ ಪಟ್ಟಿ ಮಾಡಿ ಕನ್ನಡದಲ್ಲಿ ಬರೆದುಕೊಡು ಅಂದಳು. ಹನ್ನೆರಡು ತಳಿ ಆರಿಸಿ, ಒಂದೊಂದಕ್ಕೆ ಎರಡು ಸಾಲು ಬರೆದು ಕಳಿಸಿದೆ. ಸಂಜೆಗೆ ಫೋನ್ ಬಂತು.

“ಅಲ್ವೋ, ನಾಲ್ಕು ಗಿಡಕ್ಕೆ ದ್ವಿದಳ ಅಂತ ಬರೆದಿದ್ದೀಯಲ್ಲ, ಇದೇನು ಅವರೆ ಜಾತಿಯಾ? ಕಾಯಿ ಬಿಡುತ್ತಾ?”

ತಪ್ಪು ನನ್ನದೇ. ‘ಡಬಲ್’ ಅನ್ನುವ ಕಡೆಯೆಲ್ಲ ಹಿಂದೆಮುಂದೆ ನೋಡದೆ ದ್ವಿದಳ ಅಂತ ಹಾಕಿದ್ದೆ. ಕನ್ನಡ ಓದಿದವರಿಗೆ ದ್ವಿದಳ ಅಂದರೆ ಬೇಳೆಯಾಗಿ ಒಡೆಯುವ ಕಾಳು. ಏಕದಳ ಅಂದರೆ ಭತ್ತ, ರಾಗಿ. ಅಲ್ಲಿರುವ ದಳ ಬೀಜದ್ದು, ಹೂವಿನದಲ್ಲ. ಹೀಗೆ ಬೇರೆ ಕೆಲಸಕ್ಕೆ ಗೊತ್ತಾಗಿ ಹೋದ ಪದವನ್ನು ಹೂವಿಗೆ ತಂದರೆ ಅಕ್ಕ ಕೇಳಿದ್ದೇ ಸರಿ ಅಲ್ವಾ?

ಆಮೇಲೆ ಯೋಚಿಸುತ್ತಾ ಹೋದರೆ, ‘ಡಬಲ್’ ಅನ್ನುವುದೇ ಈ ಹೂವಿಗೆ ಹೊಂದುವ ಮಾತಲ್ಲ. ಯಾವುದೂ ಎರಡರಷ್ಟಾಗಿರುವುದಿಲ್ಲ. ಹೂವಿನ ನಡುವಿನ ಕೇಸರಗಳು ಎಸಳಿನ ರೂಪ ತಾಳಿ, ಒಳಗೆ ಪದರದ ಮೇಲೆ ಪದರ ಕೂತಿರುತ್ತವೆ, ಅಷ್ಟೇ. ಇಂಥ ಹೂವಿಗೆ ಲ್ಯಾಟಿನ್ನಿನಲ್ಲಿ ‘ಪ್ಲೀನಾ’ ಅಂತಾರೆ, ಅಂದರೆ ತುಂಬಿದ್ದು. ‘ಆಲ್ಬಾ ಪ್ಲೀನಾ’, ‘ಪರ್ಪ್ಯೂರಿಯಾ ಪ್ಲೀನಾ ಎಲಿಗನ್ಸ್’ ಅನ್ನುವ ತಳಿಗಳ ಹೆಸರಿನಲ್ಲೇ ಆ ಮಾತು ಇದೆ. ಮೊದಲನೆಯದು ಹಸಿರು ಸೋಕಿದ ಬಿಳಿ. ಎರಡನೆಯದು ಮಾಸಲು ನೇರಳೆಗೆಂಪು. ಇದರ ಹೂವು ಚಿಕ್ಕದು, ಒಳಗೆ ಕೇಸರ ಅಂತ ಒಂದೂ ಉಳಿದಿರುವುದಿಲ್ಲ, ಎಲ್ಲ ಎಸಳೇ.

ನಮ್ಮಲ್ಲೂ ತುಂಬುಗೆನ್ನೆ, ತುಂಬುದೋಳು ಅಂತ ಇದೆ. ಹಾಗಾಗಿ ತುಂಬುಹೂ ಅನ್ನಬಹುದು. ಕಿವಿಗೂ ಚೆನ್ನಾಗಿದೆ. ಆದರೆ ‘ತುಂಬುಹೂವಿನ ಬಳ್ಳಿ’ ಅಂದಾಗ ಬಳ್ಳಿ ತುಂಬ ಹೂವು ಅಂತಲೂ ಆಗುತ್ತದೆ. ಮಾರುವವರಿಗೆ ಆ ಗೊಂದಲ ಖುಷಿಯೇ ಇರಬಹುದು, ಕೊಳ್ಳುವವರಿಗೆ ಅಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಸುತ್ತು. ಸುತ್ತುಮಲ್ಲಿಗೆ ಎಲ್ಲರಿಗೂ ಗೊತ್ತು. ಈ ಪದದ ಲಾಭ ಏನೆಂದರೆ ಇದನ್ನು ಎಣಿಸಬಹುದು. ಒಂದು ಸುತ್ತಿನ ಹೂ, ಎರಡು ಸುತ್ತಿನ ಹೂ, ಹಲವು ಸುತ್ತಿನ ಹೂ. ‘ಸೆಮಿ ಡಬಲ್’ ಅನ್ನುವುದಕ್ಕೆ ‘ಅರೆ ಇಮ್ಮಡಿ’ ಅಂತ ಏನೇನೋ ಒದ್ದಾಡುವ ಬದಲು ಎರಡು ಸುತ್ತು ಅಂದರೆ ಮುಗಿಯಿತು. ‘ವಿವಿಯನ್ ಪೆನೆಲ್’ ಅನ್ನುವ ತಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಅದು ಬೇಸಿಗೆಯ ಶುರುವಿನಲ್ಲಿ ಹಲವು ಸುತ್ತಿನ ಹೂ ಬಿಡುತ್ತದೆ. ಅದೇ ಬಳ್ಳಿ ಆಮೇಲೆ ಹೊಸ ಕುಡಿಯಲ್ಲಿ ಒಂದೇ ಸುತ್ತಿನ ಹೂ ಬಿಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ, ಬೇರೆ ಗಿಡ ಕೊಟ್ಟು ಮೋಸ ಮಾಡಿದರು ಅಂದುಕೊಳ್ಳುವವರೇ ಜಾಸ್ತಿ.

ಒಂದು ತೊಡಕು ಇದೆ. ಬಳ್ಳಿಯೂ ಸುತ್ತುತ್ತದಲ್ಲ! ‘ಕಂಬಕ್ಕೆ ಸುತ್ತುವ ಎರಡು ಸುತ್ತಿನ ಬಳ್ಳಿ’ ಅಂತ ಬರೆದು ನಾನೇ ನಕ್ಕೆ. ಹಾಗಾಗಿ ಬಳ್ಳಿಗೆ ತಬ್ಬುವುದು ಅಂತ ಇಟ್ಟುಕೊಂಡೆ. ಕ್ಲೆಮಾಟಿಸ್ ಹಬ್ಬುವ ರೀತಿಗೂ ಅದು ಒಪ್ಪುತ್ತದೆ. ಕಾಂಡ ಸುತ್ತಿಕೊಳ್ಳುವುದಿಲ್ಲ, ಎಲೆಯ ತೊಟ್ಟು ಹೋಗಿ ಆಸರೆಯನ್ನು ತಬ್ಬಿ ಹಿಡಿಯುತ್ತದೆ. ‘ರೂಗುಚಿ’ಯಂಥ ಕೆಲವು ತಳಿಗಳು ತಬ್ಬುವುದಿಲ್ಲ, ನಾವೇ ಕಟ್ಟಬೇಕು.

ಇನ್ನು ಎಸಳಿನ ವಿಷಯ. ಸಸ್ಯಶಾಸ್ತ್ರ ಓದಿದ ಗೆಳೆಯರೊಬ್ಬರು ನನ್ನ ಪಟ್ಟಿ ನೋಡಿ, ಕ್ಲೆಮಾಟಿಸ್‌ಗೆ ದಳವೇ ಇಲ್ಲ, ಬಣ್ಣದ್ದೆಲ್ಲ ಪುಷ್ಪಪತ್ರ, ತಿದ್ದು ಅಂದರು. ಅವರ ಮಾತು ನಿಜ. ಬೇರೆ ಹೂವುಗಳಲ್ಲಿ ಮೊಗ್ಗನ್ನು ಹೊರಗಿನಿಂದ ಕಾಯುವ ಹಸಿರು ಭಾಗವೇ ಇಲ್ಲಿ ಬಣ್ಣ ತುಂಬಿಕೊಂಡು ಮೆರೆಯುತ್ತದೆ. ಆದರೆ ‘ಆರು ಪುಷ್ಪಪತ್ರಗಳ ಹೂವು’ ಅಂತ ಬರೆದರೆ ಅಕ್ಕ ಎಲೆ ಎಣಿಸಲು ಹೋಗುತ್ತಾಳೆ.

ನನ್ನ ವಾದ ಇಷ್ಟು. ದಳ ಅನ್ನುವುದು ಮೊದಲಿನಿಂದ ಹೂವಿಗೇ ಕಟ್ಟುಬಿದ್ದ ಪದವಲ್ಲ. ತುಳಸಿದಳ, ಬಿಲ್ವದಳ ಎಲೆಗಳು ತಾನೇ? ಇಂಗ್ಲಿಷಿನ ಪೆಟಲ್ ಬಂದದ್ದೂ ಎಲೆ ಅನ್ನುವ ಗ್ರೀಕ್ ಪದದಿಂದ. ಪುಷ್ಪಪತ್ರಕ್ಕೆ ಇಂಗ್ಲಿಷಿನಲ್ಲಿರುವ ಸೆಪಲ್ ಅನ್ನುವುದನ್ನು 1790ರಲ್ಲಿ ನೆಕರ್ ಅನ್ನುವ ಸಸ್ಯವಿಜ್ಞಾನಿ ಕಟ್ಟಿದ್ದು. ಎರಡಕ್ಕೂ ಸಲ್ಲುವ ಟೆಪಲ್ ಬಂದದ್ದು ಆಮೇಲೆ. ಪೆಟಲ್‌ನ ಅಕ್ಷರ ಹಿಂದೆಮುಂದೆ ಮಾಡಿದರೆ ಟೆಪಲ್. ಇಷ್ಟು ಸರಾಗವಾಗಿ ಅವರು ಪದ ಕಟ್ಟಿರುವಾಗ ನಾವು ಯಾಕೆ ಹೆದರಬೇಕು? ನಮ್ಮ ಎಸಳು ಇನ್ನೂ ಉದಾರಿ. ಬೆಳ್ಳುಳ್ಳಿಗೂ ಎಸಳು, ಕರಿಬೇವಿಗೂ ಎಸಳು. ಒಂದರಿಂದ ಬಿಡಿಸಿ ತೆಗೆಯಬಹುದಾದ ತುಂಡು ಅನ್ನುವಷ್ಟೇ ಅದರ ಹಟ. ಅದು ದಳವೋ ಪುಷ್ಪಪತ್ರವೋ ಅಂತ ಎಸಳು ಕೇಳುವುದಿಲ್ಲ. ತರಗತಿಯಲ್ಲಿ ಪುಷ್ಪಪತ್ರ ಇರಲಿ, ತೋಟದಲ್ಲಿ ಎಸಳೇ ಸಾಕು.

ತಮಾಷೆ ನೋಡಿ, ‘ಮ್ಯಾಕ್ರೊಪೆಟಲಾ’ ಅಂತ ಒಂದು ಪ್ರಭೇದ ಇದೆ. ಹೆಸರಿನ ಅರ್ಥ ದೊಡ್ಡ ದಳದ್ದು. ದಳವಿಲ್ಲದ ಕುಲದಲ್ಲಿ ದೊಡ್ಡ ದಳ! ಒಳಗಿರುವ ಆ ಉದ್ದನೆಯ ಪಟ್ಟಿಗಳು ಪರಾಗವಿಲ್ಲದ ಕೇಸರಗಳು, ಎಸಳಿನ ವೇಷ ಹಾಕಿವೆ. ಅದಕ್ಕೆ ಎಸಳುಗೇಸರ ಅನ್ನೋಣ ಅಂದರೆ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಅಂತ ಇಲ್ಲಿನ ಹಿರಿಯರು ಮುನಿಸಿಕೊಳ್ಳುತ್ತಾರೇನೋ. ನನಗಂತೂ ಅದು ನಾಲಿಗೆಗೆ ಸಲೀಸಾಗಿದೆ.

ಕೇಸರದ ಮಾತು ಬಂತಲ್ಲ, ಈ ಪದಕ್ಕೆ ಸಿಂಹದ ಕತ್ತಿನ ಕೂದಲು ಅನ್ನುವ ಅರ್ಥವೂ ಇದೆ. ಕೇಸರಿ ಅನ್ನುವ ಹೆಸರು ಬಂದದ್ದು ಅದರಿಂದಲೇ. ‘ಸೀಬೋಲ್ಡಿಯಾನಾ’ ಹೂವನ್ನು ನೋಡಿದರೆ ಈ ಎರಡೂ ಅರ್ಥ ಒಟ್ಟಿಗೆ ಹೊಳೆಯುತ್ತವೆ. 1830ರ ದಶಕದಲ್ಲಿ ಜಪಾನಿನಿಂದ ಯುರೋಪಿಗೆ ಹೋದ ಗಿಡ. ಹೊರಗೆ ಕೆನೆಬಿಳಿಯ ಆರು ಎಸಳು ಚಪ್ಪಟೆಯಾಗಿ ಹರಡಿರುತ್ತವೆ. ನಡುವೆ ಕಡುನೇರಳೆಯ ದಟ್ಟ ಗುಬುಟು. ಹೊರಗಿನ ಎಸಳು ಉದುರಿದ ಮೇಲೂ ಆ ಗುಬುಟು ಕೆಲವು ದಿನ ಹಾಗೇ ನಿಂತಿರುತ್ತದೆ. ಅಕ್ಕನ ಪಟ್ಟಿಯಲ್ಲಿ ನನ್ನ ಮೊದಲ ಓಟು ಇದಕ್ಕೇ. ಆದರೆ ಇದಕ್ಕೆ ಎಷ್ಟು ಸುತ್ತು ಅನ್ನಬೇಕು? ಸುತ್ತು ಒಂದೇ, ಒಳಗೆ ಕುಚ್ಚು. ಸದ್ಯಕ್ಕೆ ‘ಕುಚ್ಚುನಡುವಿನ ಹೂ’ ಅಂತ ಬರೆದಿದ್ದೇನೆ, ಸಮಾಧಾನ ಇಲ್ಲ.

ಆಕಾರಕ್ಕೆ ಪದ ಹುಡುಕುವುದು ಅಷ್ಟು ಕಷ್ಟವಾಗಲಿಲ್ಲ. ಟೆಕ್ಸಸ್‌ನ ಕೆಂಪು ‘ಟೆಕ್ಸೆನ್ಸಿಸ್’ ಹೂವು ಬೋರಲು ಹಾಕಿದ ತಂಬಿಗೆ. ಹೊಟ್ಟೆ ಉಬ್ಬಿ, ಕತ್ತು ಕಿರಿದಾಗಿ, ಬಾಯಿಯ ಅಂಚು ಹೊರಕ್ಕೆ ಮಡಿಚಿರುತ್ತದೆ. ಅದರಿಂದ ಹುಟ್ಟಿದ ‘ಪ್ರಿನ್ಸೆಸ್ ಡಯಾನಾ’ ಹೂವಿಗೆ ಎಲ್ಲರೂ ಟ್ಯೂಲಿಪ್ ಅಂತಾರೆ. ಟ್ಯೂಲಿಪ್ ನೋಡದವರಿಗೆ ಅರೆಬಿರಿದ ತಾವರೆ ಮೊಗ್ಗು ಅಂದರೆ ಸಾಕು. ರೂಗುಚಿ ಕಡುನೇರಳೆ ಗಂಟೆ. ‘ಫ್ರೆಕಲ್ಸ್’ ಕೂಡ ಗಂಟೆಯೇ, ಚಳಿಗಾಲದಲ್ಲಿ ಬಿಡುತ್ತದೆ, ಕೆನೆಬಣ್ಣದ ಒಳಗೋಡೆಯಲ್ಲಿ ಕಡುಗೆಂಪು ಚುಕ್ಕೆ. ಕೆಳಗೆ ನಿಂತು ಕತ್ತೆತ್ತಿದರೆ ಮಾತ್ರ ಆ ಚುಕ್ಕೆ ಚೆನ್ನಾಗಿ ಕಾಣುವುದು. ಇಂಥ ಹೂವಿಗೆ ಇಂಗ್ಲಿಷಿನವರು ತಲೆದೂಗುವ ಹೂ ಅನ್ನುವಂಥ ಮಾತು ಬಳಸುತ್ತಾರೆ. ಕನ್ನಡದಲ್ಲಿ ತಲೆದೂಗಿದರೆ ಮೆಚ್ಚಿದ ಹಾಗೆ. ಅದಕ್ಕೇ ತೂಗುಹೂ ಅಂತ ಹಾಕಿದೆ, ತೂಗುದೀಪದ ಹಾಗೆ.

ಎಸಳಿನ ನಡುವೆ ಉದ್ದಕ್ಕೆ ಓಡುವ ಬೇರೆ ಬಣ್ಣಕ್ಕೆ ಪಟ್ಟೆ ಅಂದೆ. 1897ರ ‘ನೆಲ್ಲಿ ಮೋಸರ್’ಗೆ ಇದೇ ಗುರುತು, ತಿಳಿಗುಲಾಬಿ ಎಸಳಿನ ಮೇಲೆ ಕಡುಗುಲಾಬಿ ಪಟ್ಟೆ. ಮೊದಲು ನಾಮ ಅಂತ ಬರೆದಿದ್ದೆ, ನೋಡಲು ಹಾಗೇ ಇದೆ. ಆದರೆ ಬಿರುಬಿಸಿಲಿಗೆ ಇಟ್ಟರೆ ಆ ಬಣ್ಣ ಮಾಸಿಹೋಗುತ್ತದೆ. ಆಮೇಲೆ ಯಾರಾದರೂ ‘ನಾಮ ಹಾಕಿದರು’ ಅಂದರೆ ಕಷ್ಟ.

‘ಟ್ಯಾಂಗುಟಿಕಾ’ ಅನ್ನುವ ಪ್ರಭೇದದ ಹಳದಿ ಹೂ ಮುಗಿದ ಮೇಲೆ ಬರುವ ರೇಷ್ಮೆ ಎಳೆಯ ಬೀಜಗಳಿಗೆ ‘ಅಜ್ಜನ ಗಡ್ಡ’ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಗಾಳಿಯಲ್ಲಿ ತೇಲಿ ಬರುವ ಬೀಜಕ್ಕೆ ಮಕ್ಕಳು ಅನ್ನುವುದೇ ಅದು.

ಸವರುವ ವಿಷಯದಲ್ಲಿ ಇನ್ನೊಂದು ಎಡವಟ್ಟು ಮಾಡಿದ್ದೆ. ಇಂಗ್ಲಿಷಿನಲ್ಲಿ ‘ಓಲ್ಡ್ ವುಡ್’ ಅಂತ ಇದ್ದದ್ದನ್ನು ‘ಹಳೇ ಮರದಲ್ಲಿ ಹೂ ಬಿಡುತ್ತದೆ’ ಅಂತ ಬರೆದೆ. ಯಾವ ಮರಕ್ಕೆ ಹಬ್ಬಿಸಬೇಕು ಅಂತ ಅಕ್ಕ ಕೇಳಿದಳು. ಬಲಿತ ಕಡ್ಡಿ ಮತ್ತು ಎಳೆ ಕುಡಿ ಅಂತ ತಿದ್ದಿದೆ. ಈ ವ್ಯತ್ಯಾಸ ತಿಳಿಯದೆ ವಿವಿಯನ್ ಪೆನೆಲ್ ಬಳ್ಳಿಯನ್ನು ಬುಡಕ್ಕೇ ಸವರಿದರೆ ಆ ವರ್ಷದ ಹಲವು ಸುತ್ತಿನ ಹೂವುಗಳೇ ಹೋಗಿಬಿಡುತ್ತವೆ.

ಈಗ ನಿಜವಾದ ಪ್ರಶ್ನೆಗೆ ಬರುತ್ತೇನೆ. ‘ಮಲ್ಟಿ ಬ್ಲೂ’ ಅನ್ನುವ ಹಲವು ಸುತ್ತಿನ ನೀಲಿ ತಳಿ ‘ದಿ ಪ್ರೆಸಿಡೆಂಟ್’ ಅನ್ನುವ ತಳಿಯ ‘ಸ್ಪೋರ್ಟ್’. ಅಂದರೆ ಯಾರೂ ಅಡ್ಡತಳಿ ಮಾಡಿದ್ದಲ್ಲ. ಆ ಬಳ್ಳಿಯ ಒಂದು ಕುಡಿ ತಾನಾಗಿಯೇ ಬೇರೆ ಥರ ಹೂ ಬಿಟ್ಟಿತು, ಅದನ್ನು ಬೇರೆ ಮಾಡಿ ಬೆಳೆಸಿಕೊಂಡರು. ಇದನ್ನು ಪದಕ್ಕೆ ಪದ ಇಟ್ಟರೆ ‘ಅಧ್ಯಕ್ಷರ ಕ್ರೀಡೆ’ ಆಗುತ್ತದೆ! ಮಾರ್ಪಾಟು ಅಂದರೆ ಯಾರೋ ಬೇಕೆಂದೇ ಮಾಡಿದ ಹಾಗೆ ಕೇಳುತ್ತದೆ. ಮಾರುಗುಡಿ ಅಂತ ನಾನು ಕಟ್ಟಿಕೊಂಡಿದ್ದೇನೆ, ಮಾರಿದ ಕುಡಿ, ಅಂದರೆ ಬದಲಾದ ಕುಡಿ ಅನ್ನುವ ಅರ್ಥದಲ್ಲಿ. ಆದರೆ ಅದು ಮಾರಾಟದ ಮಾರು ಅಂತ ಓದಿಸಿಕೊಳ್ಳುತ್ತದೋ, ಗುಡಿ ಅಂದರೆ ದೇವಸ್ಥಾನ ಅಂತಲೇ ಆಗುತ್ತದೋ ಅನ್ನುವ ಭಯ ಇದೆ. ಗುಲಾಬಿ, ದಾಸವಾಳ ಬೆಳೆಸುವವರು, ಕಸಿ ಕಟ್ಟುವವರು ಈ ಗುಂಪಿನಲ್ಲಿ ಇದ್ದೀರಿ. ಒಂದೇ ಗಿಡದ ಒಂದು ರೆಂಬೆ ಮಾತ್ರ ಬೇರೆ ಬಣ್ಣದ ಹೂ ಬಿಟ್ಟರೆ ನಿಮ್ಮ ಕಡೆ ಅದಕ್ಕೆ ಏನಂತೀರಿ?

ಹಾಗೇ ಸೀಬೋಲ್ಡಿಯಾನಾದ ಆ ನಡುಗುಬುಟಿಗೆ ಕುಚ್ಚಿಗಿಂತ ಒಳ್ಳೆಯ ಪದ ಇದ್ದರೆ ಹೇಳಿ. ಅಕ್ಕ ಗಿಡಕ್ಕೆ ನೇತುಹಾಕುವ ಚೀಟಿ ಬರೆಯಲು ಕಾಯುತ್ತಿದ್ದಾಳೆ, ಚೀಟಿ ಎರಡು ಬೆರಳಗಲ ಮಾತ್ರ.